ಡೈಲಾಗ್ ಕೇಳಿಸ್ತಿಲ್ವಾ? ಹೋಮ್ ಥಿಯೇಟರ್ ಸೌಂಡ್ ಸರಿಪಡಿಸಲು ಒಂದು ಪಾಠ

ಈ ವರ್ಷದ ಪುಸ್ತಿಕೆಗೆ ಕವನ, ಕಥೆ, ಪ್ರವಾಸ ಲೇಖನಗಳು ಹೇಗೂ ಬರ್ತವೆ. ಓದಿದವರು ಅವತ್ತೇ ಮನೆಗೆ ಹೋಗಿ ಬಳಸಬಹುದಾದ ವಿಷಯ ಒಂದು ಇರಲಿ ಅಂತ ಈ ಪಾಠ ಬರೆದಿದ್ದೇನೆ. ಇಂಜಿನಿಯರಿಂಗ್ ಓದಿರಬೇಕು ಅಂತೇನಿಲ್ಲ. ಒಂದು ಅಳತೆ ಟೇಪು, ಒಂದು ಸಣ್ಣ ಟಾರ್ಚು, ಸ್ವಲ್ಪ ತಾಳ್ಮೆ ಇದ್ರೆ ಸಾಕು.

ಅಮೆರಿಕದ ಯಾವುದೇ ಯೂನಿವರ್ಸಿಟಿ ಊರಲ್ಲಿ ಮೇ ತಿಂಗಳು ಬಂತು ಅಂದ್ರೆ, ಓದು ಮುಗಿಸಿ ಹೊರಟವರ ಹೋಮ್ ಥಿಯೇಟರ್‌ಗಳು ಕಡಿಮೆ ಬೆಲೆಗೆ, ಕೆಲವೊಮ್ಮೆ ಪುಕ್ಕಟೆಯಾಗಿ ಸಿಗುತ್ತವೆ. ಐದು ಸ್ಪೀಕರು, ಒಂದು ಸಬ್‌ವೂಫರು, ಒಂದು ರಿಸೀವರು, ಗಂಟು ಬಿದ್ದ ಒಂದಷ್ಟು ವೈರು. ತಂದು ಜೋಡಿಸಿ ಶನಿವಾರ ರಾತ್ರಿ ಕನ್ನಡ ಸಿನಿಮಾ ಹಾಕಿದರೆ ಹಾಡು ಭರ್ಜರಿ, ಫೈಟು ಭರ್ಜರಿ, ಮಾತು ಮಾತ್ರ ಕೇಳಿಸಲ್ಲ. ಮಾತಿಗೆ ವಾಲ್ಯೂಮ್ ಏರಿಸಬೇಕು, ಹಾಡು ಬಂದ ತಕ್ಷಣ ಇಳಿಸಬೇಕು. ಪಕ್ಕದ ಮನೆಯವರು ಗೋಡೆ ತಟ್ಟುವ ಮೊದಲೇ ಯಾರೋ ಒಬ್ಬರು, 'ಸಬ್‌ಟೈಟಲ್ ಹಾಕ್ರೋ' ಅಂತಾರೆ. ಅಲ್ಲಿಗೆ ಸಿನಿಮಾ ನೋಡೋದು ಹೋಗಿ ಇಂಗ್ಲಿಷ್ ಓದೋದು ಶುರು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಸಿನಿಮಾ ಸಂಜೆಗಳಿಗೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಬರ್ತಾರೆ, ಊರಿಂದ ಬಂದ ಅಪ್ಪ-ಅಮ್ಮಂದಿರೂ ಬರ್ತಾರೆ. ತಮ್ಮ ಮನೆಯವರನ್ನು ಬಿಟ್ಟು ಬೇರೆಯವರ ಬಾಯಲ್ಲಿ ಕನ್ನಡ ಕೇಳೋಕೆ ಆ ಮಕ್ಕಳಿಗೆ ಸಿಗುವ ಜಾಗಗಳು ಕಡಿಮೆ. ಸಿನಿಮಾ ಅವುಗಳಲ್ಲಿ ಒಂದು. ಮಾತೇ ಸ್ಪಷ್ಟವಾಗಿ ಕೇಳಿಸದಿದ್ದರೆ ಅವರಿಗೆ ಉಳಿಯುವುದು ಸಬ್‌ಟೈಟಲ್ ಮಾತ್ರ. ವಯಸ್ಸಾದವರಂತೂ 'ಏನಂದ?' ಅಂತ ಎರಡು ಸಲ ಕೇಳಿ, ಮೂರನೇ ಸಲ ಸುಮ್ಮನಾಗ್ತಾರೆ.

ಈ ಪಾಠದ ಸಾರ ಇಷ್ಟೇ: ಸೌಂಡ್ ಚೆನ್ನಾಗಿಲ್ಲ ಅಂದ ತಕ್ಷಣ ಹೊಸ ಸ್ಪೀಕರ್ ಕೊಳ್ಳೋಕೆ ಹೋಗಬೇಡಿ. ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಿ. ಸೆಟ್ಟಿಂಗ್, ವೈರು, ಇಟ್ಟ ಜಾಗ, ಕೋಣೆ ಈ ನಾಲ್ಕನ್ನು ಸರಿಮಾಡಲು ಸಾಮಾನ್ಯವಾಗಿ ಒಂದು ಡಾಲರೂ ಖರ್ಚಾಗಲ್ಲ.

1. ಸೌಂಡ್ ಬರುವ ದಾರಿ

ತೋಟದ ಕೊನೇ ಗಿಡಕ್ಕೆ ನೀರು ಬರದಿದ್ದರೆ ಕಾಲುವೆ ಹಿಡಿದು ನಡೆದು ನೋಡ್ತೀವಲ್ಲ, ಇದೂ ಹಾಗೆಯೇ. ಸೌಂಡ್ ಎಂಟು ಕೊಂಡಿಗಳನ್ನು ದಾಟಿ ಬರುತ್ತೆ:

1. ಸಿನಿಮಾದ ಆಡಿಯೋ ಟ್ರ್ಯಾಕ್
2. ಅದನ್ನು ನುಡಿಸುವ ಆಪ್ ಅಥವಾ ಪ್ಲೇಯರ್
3. ಟಿವಿ ಮತ್ತು ಅದರ ಆಡಿಯೋ ಸೆಟ್ಟಿಂಗ್
4. ಟಿವಿಯಿಂದ ರಿಸೀವರ್‌ಗೆ ಹೋಗುವ ಎಚ್‌ಡಿಎಂಐ ಅಥವಾ ಆಪ್ಟಿಕಲ್ ಕೇಬಲ್
5. ರಿಸೀವರ್ ಒಳಗಿನ ಡಿಕೋಡರ್ ಮತ್ತು ಸೆಟ್ಟಿಂಗ್
6. ರಿಸೀವರ್ ಒಳಗಿನ ಆಂಪ್ಲಿಫೈಯರ್
7. ಸ್ಪೀಕರ್ ವೈರು
8. ಸ್ಪೀಕರ್

ಇದಾದ ಮೇಲೆ ಒಂಬತ್ತನೆಯದಾಗಿ ಕೋಣೆ. ಅದರದ್ದೇ ಒಂದು ದೊಡ್ಡ ಕಥೆ, ಆಮೇಲೆ ನೋಡೋಣ.

ಎಂಟು ಕೊಂಡಿಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಸಮಯ ಹಿಡಿಯುತ್ತೆ. ಮಧ್ಯಕ್ಕೆ ಕತ್ತರಿ ಹಾಕಿ. ಎಲ್ಲಾ ರಿಸೀವರ್‌ಗಳಲ್ಲೂ ಸಾಮಾನ್ಯವಾಗಿ ಟೆಸ್ಟ್ ಟೋನ್ ಅಂತ ಒಂದಿರುತ್ತೆ. ಅದನ್ನು ಒತ್ತಿದರೆ ಒಂದೊಂದೇ ಸ್ಪೀಕರಿನಿಂದ 'ಶ್‌ಶ್' ಅನ್ನೋ ಶಬ್ದ ಬರುತ್ತೆ. ಈ ಶಬ್ದ ಹುಟ್ಟುವುದು 5ನೇ ಕೊಂಡಿಯಲ್ಲಿ. ಎಲ್ಲಾ ಸ್ಪೀಕರಿನಿಂದಲೂ ಶುದ್ಧವಾಗಿ, ಒಂದೇ ಮಟ್ಟದಲ್ಲಿ ಬಂದರೆ ರಿಸೀವರಿನಿಂದ ಮುಂದಕ್ಕೆ ಹೆಚ್ಚುಕಮ್ಮಿ ಎಲ್ಲಾ ಸರಿ ಇದೆ, ತೊಂದರೆ ಟಿವಿ ಕಡೆ ಇದೆ ಅಂತ ಅರ್ಥ. ಒಂದು ಸ್ಪೀಕರ್ ಸುಮ್ಮನಿದ್ದರೆ ಅಥವಾ ಗೊರಗೊರ ಅಂದರೆ ತೊಂದರೆ ಈ ಕಡೆ. ಒಂದೇ ಬಟನ್ನಿಗೆ ಅರ್ಧ ಕೆಲಸ ಕಡಿಮೆ ಆಯ್ತು. ಉಳಿದರ್ಧವನ್ನು ಮತ್ತೆ ಅರ್ಧ ಮಾಡಿ. ಎಂಟು ಕೊಂಡಿಗೆ ಮೂರು ಪರೀಕ್ಷೆ ಸಾಕು. ಬೈನರಿ ಸರ್ಚ್ ಓದಿದವರಿಗೆ ಇದು ಗೊತ್ತಿರೋದೇ, ಎರಡರ ಘಾತ ಮೂರು ಎಂಟು.

2. ಅದಲು-ಬದಲು ಪರೀಕ್ಷೆ

ಎಡಗಡೆ ಸ್ಪೀಕರ್ ಕರಕರ ಅಂತಿದೆ ಅಂದುಕೊಳ್ಳಿ. ತಪ್ಪು ಸ್ಪೀಕರಿನದೋ, ವೈರಿನದೋ, ರಿಸೀವರಿನದೋ? ಪವರ್ ಆಫ್ ಮಾಡಿ, ಪ್ಲಗ್ ತೆಗೆದು, ರಿಸೀವರ್ ಹಿಂದೆ ಎಡ ಮತ್ತು ಬಲದ ವೈರುಗಳನ್ನು ಅದಲು-ಬದಲು ಮಾಡಿ. ಮತ್ತೆ ಅದೇ ಹಾಡನ್ನು ಅದೇ ವಾಲ್ಯೂಮಿನಲ್ಲಿ ಹಾಕಿ.

ಕರಕರ ಎಡ ಪೆಟ್ಟಿಗೆಯಲ್ಲೇ ಉಳಿದರೆ ತಪ್ಪು ಆ ಪೆಟ್ಟಿಗೆಯದು ಅಥವಾ ಅದರ ವೈರಿನದು. ಕರಕರ ಬಲ ಪೆಟ್ಟಿಗೆಗೆ ಹೋದರೆ ಸ್ಪೀಕರ್ ನಿರಪರಾಧಿ, ತಪ್ಪು ರಿಸೀವರಿನ ಎಡ ಚಾನೆಲ್‌ನದು ಅಥವಾ ಅದಕ್ಕೂ ಹಿಂದಿನದು. ಅಷ್ಟೇ. ಯಾವ ಮೀಟರೂ ಬೇಡ.

ನಿಯಮ ಮೂರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸುವ ಮೊದಲು ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪ್ರತಿ ಸಲವೂ ಒಂದೇ ಹಾಡು, ಒಂದೇ ದೃಶ್ಯ ಬಳಸಿ, ಇಲ್ಲಾಂದ್ರೆ ಹೋಲಿಕೆಗೆ ಅರ್ಥವೇ ಇರಲ್ಲ.

3. ಮಾತು ಕೇಳಿಸಲ್ಲ, ಹಾಡು ಕಿವಿ ಒಡೆಯುತ್ತೆ

ನಾನು ಅತಿ ಹೆಚ್ಚು ಕೇಳುವ ದೂರು ಇದೇ. ಕಾರಣ ಅರ್ಥವಾಗಬೇಕಾದ್ರೆ 5.1 ಅಂದ್ರೇನು ಗೊತ್ತಿರಬೇಕು. ಎದುರಿಗೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಅಥವಾ ಪಕ್ಕದಲ್ಲಿ ಎರಡು ಸರೌಂಡ್, ಇವು ಐದು. ಆ '.1' ಅನ್ನೋದು ಸಬ್‌ವೂಫರಿಗೆ ಹೋಗುವ ಕಡಿಮೆ ಆವರ್ತನದ ಚಾನೆಲ್. ಸಿನಿಮಾ ಮಿಕ್ಸ್ ಮಾಡುವಾಗ ಸಂಭಾಷಣೆಯ ಬಹುಪಾಲನ್ನು ಸೆಂಟರ್ ಒಂದರಲ್ಲೇ ಇಡ್ತಾರೆ. ಅಂದ್ರೆ ಪೂರ್ತಿ ಸಿನಿಮಾದ ಮಾತಿನ ಭಾರ ಟಿವಿ ಕೆಳಗೆ ಅಡ್ಡ ಮಲಗಿರುವ ಆ ಒಂದು ಪೆಟ್ಟಿಗೆಯ ಮೇಲೆ. ಅದು ಕೆಟ್ಟರೆ, ಇಲ್ಲವೇ ಅದಕ್ಕೆ ಸಿಗ್ನಲ್ ಹೋಗದಿದ್ದರೆ, ಡೈಲಾಗ್ ಮಾಯ. ಕ್ರಮವಾಗಿ ನೋಡಿ:

ಅ) ಸೆಂಟರ್ ಇದೆ ಅಂತ ರಿಸೀವರ್ ನಂಬಿದೆ, ಆದರೆ ಸೆಂಟರ್ ಇಲ್ಲ. ಸೆಕೆಂಡ್ ಹ್ಯಾಂಡ್ ಸೆಟ್‌ಗಳಲ್ಲಿ ಇದು ಸಾಮಾನ್ಯ. ಹಿಂದಿನ ಮಾಲೀಕರ ಸೆಟ್ಟಿಂಗ್ ಹಾಗೇ ಉಳಿದಿರುತ್ತೆ. ನೀವು ಎರಡೇ ಸ್ಪೀಕರ್ ಜೋಡಿಸಿದ್ದೀರಿ, ರಿಸೀವರ್ ಮಾತನ್ನೆಲ್ಲಾ ಖಾಲಿ ಟರ್ಮಿನಲ್‌ಗೆ ಕಳಿಸ್ತಾ ಕೂತಿರುತ್ತೆ. ಸ್ಪೀಕರ್ ಸೆಟಪ್ ಮೆನುಗೆ ಹೋಗಿ ಸೆಂಟರ್ ಎದುರು 'ನನ್' ಅಂತ ಮಾಡಿ. ಆಗ ಅದು ಮಾತನ್ನು ಎಡ-ಬಲಕ್ಕೆ ಸಮನಾಗಿ ಹಂಚುತ್ತೆ. ಸಾಧ್ಯವಾದರೆ ಹಳೇ ಸೆಟ್ ಮನೆಗೆ ಬಂದ ದಿನವೇ ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ.

ಆ) ಟಿವಿ 5.1 ಕಳಿಸ್ತಾನೇ ಇಲ್ಲ. ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ 'ಪಿಸಿಎಂ' ಅಂತ ಇದ್ದರೆ, ಆಪ್ಟಿಕಲ್ ಮತ್ತು ಸಾಧಾರಣ ಎಆರ್‌ಸಿ ಸಂಪರ್ಕಗಳಲ್ಲಿ ಹೋಗುವುದು ಬರೀ ಎರಡು ಚಾನೆಲ್. 'ಬಿಟ್‌ಸ್ಟ್ರೀಮ್', 'ಆಟೋ' ಅಥವಾ 'ಪಾಸ್ ಥ್ರೂ' ಆರಿಸಿದರೆ ಡಾಲ್ಬಿ ಡಿಜಿಟಲ್ ರೂಪದಲ್ಲಿ 5.1 ಹೋಗುತ್ತೆ. ನಮ್ಮ ಸೀನಿಯರ್ ಒಬ್ಬರ ಮನೆಯಲ್ಲಿ ಹೊಸ ಸೆಂಟರ್ ಸ್ಪೀಕರ್ ಆರ್ಡರ್ ಮಾಡುವ ಹಂತಕ್ಕೆ ಬಂದಿದ್ದರು. ಟೆಸ್ಟ್ ಟೋನ್ ಹಾಕಿದಾಗ ಸೆಂಟರ್ ಗಟ್ಟಿಯಾಗಿ, ಚೆನ್ನಾಗಿ ಕೇಳಿಸಿತು. ಅಂದ ಮೇಲೆ 5ರಿಂದ 8ರವರೆಗೆ ಸರಿ. ಟಿವಿ ಮೆನು ತೆಗೆದು ನೋಡಿದರೆ 'ಪಿಸಿಎಂ'. ಅದೊಂದು ಬದಲಿಸಿದ್ದಕ್ಕೆ ಆರ್ಡರ್ ಮಾಡುವ ಮಾತೇ ಬರಲಿಲ್ಲ. ಆಪ್‌ನ ಆಡಿಯೋ ಆಯ್ಕೆಯಲ್ಲೂ ಕನ್ನಡ ಟ್ರ್ಯಾಕ್ 5.1 ಇದೆಯಾ, ಸ್ಟೀರಿಯೋ ಮಾತ್ರವಾ ಅಂತ ನೋಡಿಕೊಳ್ಳಿ. ಒಂದೇ ಸಿನಿಮಾಗೆ ಎರಡೂ ಇರಬಹುದು.

ಇ) ಸೆಂಟರ್ ಇದೆ, ಆದರೆ ಬಾಯಿ ಮುಚ್ಚಿದೆ. ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ಹಿಂದಕ್ಕೆ ತಳ್ಳಿ ಇಟ್ಟರೆ ಮಾತು ಮಡಕೆಯೊಳಗಿಂದ ಬಂದ ಹಾಗೆ ಕೇಳಿಸುತ್ತೆ. ಪೆಟ್ಟಿಗೆಯ ಮುಖವನ್ನು ಗೂಡಿನ ಅಂಚಿಗೆ ಎಳೆಯಿರಿ. ನೆಲದ ಹತ್ತಿರ ಇದ್ದರೆ ಮುಂಭಾಗದ ಕೆಳಗೆ ಮಡಿಚಿದ ರಟ್ಟು ಇಟ್ಟು, ಕೂತವರ ಕಿವಿಯ ಕಡೆ ಮುಖ ಎತ್ತಿ. ವ್ಯಂಜನಗಳನ್ನು ಬೇರ್ಪಡಿಸುವ ಎತ್ತರದ ಆವರ್ತನಗಳು ಟಾರ್ಚ್ ಬೆಳಕಿನ ಹಾಗೆ ನೇರ ಹೋಗ್ತವೆ. ಮೊಣಕಾಲಿಗೆ ಗುರಿಯಿಟ್ಟರೆ ಮೊಣಕಾಲಿಗೇ ಕೇಳಿಸೋದು.

ಈ) ಮಟ್ಟ. ರಿಸೀವರ್ ಮೆನುವಿನಲ್ಲಿ ಪ್ರತಿ ಸ್ಪೀಕರಿನ ಲೆವೆಲ್ ಬೇರೆ ಬೇರೆ ಇರುತ್ತೆ. ಸೆಂಟರನ್ನು 2 ಅಥವಾ 3 ಡೆಸಿಬೆಲ್ ಏರಿಸಿ. ಎಲ್ಲಾ ಸ್ಪೀಕರಿನ ವಾಲ್ಯೂಮ್ ಏರಿಸೋದಕ್ಕಿಂತ ಇದು ಎಷ್ಟೋ ಜಾಣತನ. ಯಾಕಂದ್ರೆ 3 ಡೆಸಿಬೆಲ್ ಅಂದ್ರೆ ಆಂಪ್ಲಿಫೈಯರ್ ಎರಡು ಪಟ್ಟು ವಿದ್ಯುತ್ ಶಕ್ತಿ ಕೊಡಬೇಕು, 10 ಡೆಸಿಬೆಲ್ ಅಂದ್ರೆ ಹತ್ತು ಪಟ್ಟು. ಆ ಹತ್ತು ಪಟ್ಟು ಕೊಟ್ಟರೂ ನಮ್ಮ ಕಿವಿಗೆ ಅದು ಸುಮಾರು ಎರಡರಷ್ಟು ಜೋರು ಅನ್ನಿಸುತ್ತೆ ಅಷ್ಟೇ.

ಉ) ರಾತ್ರಿ ಮೋಡ್. ಸಿನಿಮಾದಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ಇರುವ ಅಂತರ ದೊಡ್ಡ ಹಾಲ್‌ಗೆ ಸರಿ, ತೆಳು ಗೋಡೆಯ ಅಪಾರ್ಟ್‌ಮೆಂಟ್‌ಗೆ ಅಲ್ಲ. 'ನೈಟ್ ಮೋಡ್' ಅಥವಾ 'ಡೈನಾಮಿಕ್ ರೇಂಜ್ ಕಂಪ್ರೆಷನ್' ಆನ್ ಮಾಡಿದರೆ ಸಣ್ಣದು ದೊಡ್ಡದಾಗಿ, ದೊಡ್ಡದು ಸಣ್ಣದಾಗಿ ಎರಡೂ ಹತ್ತಿರ ಬರ್ತವೆ. ರಾತ್ರಿ ಹತ್ತರ ಮೇಲೆ ಇದು ನೆರೆಹೊರೆಯ ಶಾಂತಿಗೂ ಒಳ್ಳೇದು.

ಹಳೇ ಸಿನಿಮಾಗಳ ಬಗ್ಗೆ ಒಂದು ಮಾತು. 1972ರ 'ಬಂಗಾರದ ಮನುಷ್ಯ'ದಂಥ ಚಿತ್ರಗಳ ಕಾಲದ ಸೌಂಡ್ ಮೋನೋ. ಅದನ್ನು ಸಿನಿಮಾ ಮೋಡಿನಲ್ಲಿ ಹಾಕಿದಾಗ ಸೆಂಟರ್ ಒಂದೇ ಮಾತಾಡಿ ಉಳಿದವು ಸುಮ್ಮನಿದ್ದರೆ ಅದು ಕಾಯಿಲೆ ಅಲ್ಲ. ಹಾಗೇ ಇರಬೇಕು. ನಾಲ್ಕು ಸ್ಪೀಕರ್ ದಂಡವಾಯ್ತಲ್ಲ ಅಂತ 'ಹಾಲ್', 'ಸ್ಟೇಡಿಯಂ' ಮೋಡ್ ಒತ್ತಬೇಡಿ. ಆ ಮೋಡ್‌ಗಳು ಕೃತಕ ಪ್ರತಿಧ್ವನಿ ಸೇರಿಸುತ್ತವೆ. ಮಾತಿನ ಮೇಲೆ ಮಾತು ಬಿದ್ದು ಕೆಸರಾಗುತ್ತೆ.

4. ಸೌಂಡ್ ಟೊಳ್ಳು, ಬೇಸ್ ಇಲ್ಲ

ಎರಡೂ ಸ್ಪೀಕರ್ ಕೆಲಸ ಮಾಡ್ತಿವೆ, ಆದರೂ ಧ್ವನಿ ಎಲ್ಲಿಂದ ಬರ್ತಿದೆ ಗೊತ್ತಾಗಲ್ಲ. ತಲೆಯ ಸುತ್ತ ತೇಲಿದ ಹಾಗೆ, ತೂಕವೇ ಇಲ್ಲದ ಹಾಗೆ. ಹೀಗಿದ್ದರೆ ಮೊದಲ ಅನುಮಾನ ಧ್ರುವ ತಿರುಗಿದೆ ಅಂತ. ಪ್ರತಿ ಸ್ಪೀಕರಿಗೆ ಕೆಂಪು, ಕಪ್ಪು ಎರಡು ಟರ್ಮಿನಲ್ ಇರ್ತವೆ. ಒಂದರಲ್ಲಿ ಮಾತ್ರ ಅವು ಅದಲು-ಬದಲಾದರೆ, ಒಂದು ಸ್ಪೀಕರಿನ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತೆ. ಒಂದು ಗಾಳಿ ತಳ್ಳುತ್ತೆ, ಇನ್ನೊಂದು ಎಳೆಯುತ್ತೆ, ಬೇಸ್ ಪರಸ್ಪರ ಕಳೆದುಹೋಗುತ್ತೆ.

ಪರೀಕ್ಷೆ: ಒಬ್ಬರೇ ಮಾತಾಡುವ ವಾರ್ತೆ ಹಾಕಿ, ಎರಡು ಸ್ಪೀಕರಿಗೂ ಸಮಾನ ದೂರದಲ್ಲಿ ಕೂರಿ. ಧ್ವನಿ ಸರಿಯಾಗಿ ನಡುವಿನಿಂದ ಬಂದರೆ ಸರಿ. ಬರದಿದ್ದರೆ ಪವರ್ ತೆಗೆದು ಒಂದೇ ಸ್ಪೀಕರಿನ ಎರಡು ವೈರುಗಳನ್ನು ತಿರುಗಿಸಿ, ಮತ್ತೆ ಕೇಳಿ. ಬೇಸ್ ಹೆಚ್ಚಾಗಿದ್ದು ಯಾವಾಗಲೋ ಅದೇ ಸರಿಯಾದ ಜೋಡಣೆ. ವೈರಿನ ಬಣ್ಣ ಮಾಸಿದ್ದರೆ, ಅದನ್ನು ರಿಸೀವರಿನಿಂದ ಬಿಡಿಸಿ ತುದಿಗಳಿಗೆ 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್ ಅನ್ನು ಕ್ಷಣಮಾತ್ರ ಮುಟ್ಟಿಸಿ. ವೂಫರ್ ಕೋನ್ ಮುಂದಕ್ಕೆ ಹಾರಿದರೆ, ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಕೆಂಪು.

ವೈರಿನ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ದುಬಾರಿ ಕೇಬಲ್ ಬೇಡ. 16 ಗೇಜಿನ ಸಾಧಾರಣ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.013 ಓಮ್ ರೋಧ. 10 ಮೀಟರ್ ದೂರಕ್ಕೆ ಹೋಗಿಬರುವ ದಾರಿ 20 ಮೀಟರ್, ಅಂದ್ರೆ ಸುಮಾರು 0.26 ಓಮ್. 8 ಓಮ್ ಸ್ಪೀಕರಿಗೆ ಇದು ನೂರಕ್ಕೆ ಮೂರು ಪಾಲು ಚಿಲ್ಲರೆ. ಹಾಲ್‌ನ ಆ ಮೂಲೆಯಿಂದ ಈ ಮೂಲೆಗೆ ಧಾರಾಳ ಸಾಕು.

5. ಗುಂಯ್ ಅನ್ನೋ ಸದ್ದು

ಸಿನಿಮಾ ನಿಲ್ಲಿಸಿದರೂ ಸಣ್ಣಗೆ 'ಗುಂಯ್' ಅಂತ ಬರ್ತಿದ್ದರೆ ಅದು ಕರೆಂಟಿನ ಆವರ್ತನ. ಇಲ್ಲಿ 60 ಹರ್ಟ್ಜ್, ನಮ್ಮೂರಲ್ಲಿ 50. ಮುಖ್ಯ ಕಾರಣ ಗ್ರೌಂಡ್ ಲೂಪ್. ಎರಡು ಸಾಧನಗಳು ಎರಡು ಬೇರೆ ದಾರಿಗಳಲ್ಲಿ ಅರ್ಥ್‌ಗೆ ಸೇರಿ, ಅವೆರಡನ್ನು ಆಡಿಯೋ ಕೇಬಲ್ ಕೂಡಿಸಿದಾಗ ಒಂದು ವರ್ತುಲ ಆಗುತ್ತೆ. ಅದರಲ್ಲಿ ಹರಿಯುವ ಪುಟ್ಟ ಕರೆಂಟೇ ಸದ್ದಾಗಿ ಕೇಳಿಸೋದು.

ರಿಸೀವರಿಗೆ ಜೋಡಿಸಿದ ಕೇಬಲ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಕೇಳಿ. ಯಾವುದು ತೆಗೆದಾಗ ನಿಲ್ಲುತ್ತೋ ಅದೇ ಕಳ್ಳ. ಗೋಡೆಯಿಂದ ಬರುವ ಕೇಬಲ್ ಟಿವಿಯ ಗುಂಡನೆಯ ವೈರು ಹಲವು ಸಲ ಸಿಕ್ಕಿಬೀಳುತ್ತೆ, ಸಬ್‌ವೂಫರ್ ಕೇಬಲ್ ಇನ್ನೊಂದು. ಟಿವಿ, ರಿಸೀವರ್, ಸಬ್‌ವೂಫರ್ ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಆ ಕೇಬಲ್‌ಗೆ ಹೊಂದುವ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಬಹುದು.

ಎಲ್ಲಾ ಕೇಬಲ್ ತೆಗೆದರೂ ಒರಟಾದ 'ಜುಯ್‌ಂ' ಉಳಿದರೆ, ಅದು 120 ಹರ್ಟ್ಜ್ ಆಗಿರುವ ಸಾಧ್ಯತೆ ಹೆಚ್ಚು. ಪವರ್ ಸಪ್ಲೈ ಒಳಗಿನ ಕೆಪಾಸಿಟರ್ ಮುದಿಯಾಗಿದೆ ಅಂತ ಅನುಮಾನಿಸಿ. ಅದು ರಿಪೇರಿಯವರ ಕೆಲಸ.

ದಯವಿಟ್ಟು ಗಮನಿಸಿ: ಸದ್ದು ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋದು, ಅದನ್ನು ತಪ್ಪಿಸುವ ಅಡಾಪ್ಟರ್ ಹಾಕೋದು ಮಾಡ್ಬೇಡಿ. ಸದ್ದು ಹೋಗಬಹುದು, ಆದರೆ ಒಳಗೆ ವೈರು ಸಡಿಲವಾದ ದಿನ ಪೆಟ್ಟಿಗೆಯ ಲೋಹ ಮುಟ್ಟಿದವರಿಗೆ ಶಾಕ್ ಹೊಡೆಯುತ್ತೆ. ಆ ಪಿನ್ ಇರೋದು ಸೌಂಡಿಗಲ್ಲ, ಪ್ರಾಣಕ್ಕೆ. ಹಾಗೆಯೇ ರಿಸೀವರಿನ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತೆ.

6. ಕರಕರ, ಒಡಕು, ಗಡಗಡ

ಇದರಲ್ಲಿ ನಾಲ್ಕು ಬಗೆ. ಯಾವಾಗ ಬರುತ್ತೆ ಅನ್ನೋದರಿಂದಲೇ ಕಾರಣ ಗೊತ್ತಾಗುತ್ತೆ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದ್ರೆ: ಹಳೇ ಸೆಟ್ಟಿನ ವಾಲ್ಯೂಮ್ ಗುಂಡಿಯೊಳಗೆ ಧೂಳು. ಪವರ್ ಆಫ್ ಮಾಡಿ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು-ಮೂವತ್ತು ಸಲ ತಿರುಗಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ.

ವಾಲ್ಯೂಮ್ ಜೋರು ಮಾಡಿದಾಗ ಮಾತ್ರ ಒಡಕು ಅಂದ್ರೆ: ಆಂಪ್ಲಿಫೈಯರ್ ತನ್ನ ಮಿತಿ ದಾಟಿದೆ, ಅಲೆಯ ತಲೆ ಕತ್ತರಿಸಿ ಕಳಿಸ್ತಿದೆ. ಇದನ್ನೇ ಕ್ಲಿಪ್ಪಿಂಗ್ ಅಂತಾರೆ. ಹಾಗೇ ಮುಂದುವರಿಸಿದರೆ ಟ್ವೀಟರ್ ಸುಡಬಹುದು. ಸಣ್ಣ ಸ್ಪೀಕರಿನ ಮೆನು 'ಲಾರ್ಜ್' ಅಂತ ಇದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್‌ನಿಂದ ಶುರುಮಾಡಿ. ತೀರಾ ಪುಟ್ಟ ಸ್ಪೀಕರ್ ಆದರೆ ಇನ್ನೂ ಮೇಲೆ. ಭಾರದ ಬೇಸ್ ಸಬ್‌ವೂಫರಿಗೆ ಹೋಗಿ ಸಣ್ಣವು ನಿರಾಳವಾಗ್ತವೆ.

ಎಲ್ಲಾ ವಾಲ್ಯೂಮಿನಲ್ಲೂ ಒಡಕು ಅಂದ್ರೆ: ಸ್ಪೀಕರಿನ ಜಾಲರಿ ತೆಗೆದು ಟಾರ್ಚ್ ಬಿಟ್ಟು ನೋಡಿ. ಕೋನಿನ ಸುತ್ತ ಇರುವ ಫೋಮ್ ಉಂಗುರ ಹದಿನೈದು-ಇಪ್ಪತ್ತು ವರ್ಷಕ್ಕೆ ಹಳೇ ಹಪ್ಪಳದ ಹಾಗೆ ಪುಡಿಯಾಗುತ್ತೆ. ಪೆಟ್ಟಿಗೆ ಚೆನ್ನಾಗಿದ್ದರೆ ಫೋಮ್ ಒಂದನ್ನೇ ಬದಲಿಸುವ ಕಿಟ್ ಸಿಗುತ್ತೆ. ರಬ್ಬರ್ ಉಂಗುರದವು ಇನ್ನೂ ಹೆಚ್ಚು ಬಾಳಿಕೆ ಬರ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ದುಡ್ಡು ಕೊಡುವ ಮೊದಲು ನೋಡಬೇಕಾದ್ದು ಇದನ್ನೇ.

ಯಾವುದೋ ಒಂದು ಸ್ವರಕ್ಕೆ ಮಾತ್ರ ಗಡಗಡ ಅಂದ್ರೆ: ಹೆಚ್ಚಿನ ಸಲ ಅದು ಸ್ಪೀಕರೇ ಅಲ್ಲ. ಕಿಟಕಿಯ ಬ್ಲೈಂಡ್ಸ್, ಫೋಟೋ ಫ್ರೇಮ್, ಶೆಲ್ಫಿನ ಮೇಲಿನ ಸ್ಟೀಲ್ ಲೋಟ. ಒಬ್ಬರು ಸಿನಿಮಾ ಹಾಕಿ, ಇನ್ನೊಬ್ಬರು ಕೈ ಒತ್ತುತ್ತಾ ಹುಡುಕಿ.

ರಿಸೀವರ್ ತಾನೇ ಆಫ್ ಆಗಿ 'ಪ್ರೊಟೆಕ್ಟ್' ಅಂತ ತೋರಿಸಿದರೆ ಟರ್ಮಿನಲ್ ಹತ್ತಿರ ವೈರಿನ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದೆಯಾ ನೋಡಿ. ಒಂದೇ ಜೋಡಿ ಟರ್ಮಿನಲ್‌ಗೆ ಎರಡು ಸ್ಪೀಕರ್ ಹಾಕಿದ್ದರೂ ಹೀಗಾಗಬಹುದು. 8 ಓಮಿನ ಎರಡು ಸಮಾಂತರವಾಗಿ ಸೇರಿದರೆ 4 ಓಮ್. ಎಷ್ಟೋ ರಿಸೀವರ್‌ಗಳಿಗೆ ಅದು ಭಾರ.

7. ಕೋಣೆ ಎಂಬ ಒಂಬತ್ತನೇ ಕೊಂಡಿ

ಎಲ್ಲಾ ಸರಿ ಇದ್ದೂ ಬೇಸ್ ಮಾತ್ರ 'ಧುಂ ಧುಂ' ಅಂತ ಉರುಳಿ ಮಾತನ್ನು ನುಂಗ್ತಿದ್ದರೆ, ಈಗ ಕೋಣೆಯ ಸರದಿ. ಎರಡು ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿಬಂದು, ಕೆಲವು ಆವರ್ತನಗಳು ನಿಂತ ಅಲೆಗಳಾಗ್ತವೆ. ಅತಿ ಕೆಳಗಿನದನ್ನು ಕಂಡುಹಿಡಿಯೋದು ಸುಲಭ:

ಆವರ್ತನ = ಶಬ್ದದ ವೇಗ ÷ (2 × ಗೋಡೆಗಳ ಅಂತರ)

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಾವು ನಾಲ್ಕು ಜನ ಇರುವ ಅಪಾರ್ಟ್‌ಮೆಂಟಿನ ಹಾಲ್ 4.3 ಮೀಟರ್ ಉದ್ದ. 343 ÷ 8.6 ಅಂದ್ರೆ ಸರಿಸುಮಾರು 40 ಹರ್ಟ್ಜ್. ಅದರ ಎರಡರಷ್ಟು 80, ಮೂರರಷ್ಟು 120 ಹರ್ಟ್ಜ್‌ನಲ್ಲೂ ಹೀಗೇ ಆಗುತ್ತೆ. ಮೃದಂಗದ ಎಡಗಡೆ, ತಬಲಾದ ಬಾಯಾಂ, ಗಂಡಸರ ಧ್ವನಿಯ ಬುಡ ಇವೆಲ್ಲಾ ಇದೇ ಆಸುಪಾಸಿನಲ್ಲಿ ಬರ್ತವೆ.

40 ಹರ್ಟ್ಜ್‌ನ ಆ ಅಲೆ ಎರಡೂ ಗೋಡೆಗಳ ಹತ್ತಿರ ಅತಿ ಜೋರು, ಕೋಣೆಯ ನಟ್ಟನಡುವೆ ಅತಿ ಕಡಿಮೆ. ಅದಕ್ಕೇ ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಬೇಸ್ ಉಬ್ಬುತ್ತೆ, ಸರಿಯಾಗಿ ನಡುವೆ ಇದ್ದರೆ ಆ ಸ್ವರವೇ ಕಾಣೆಯಾಗುತ್ತೆ. ಸೋಫಾವನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದು ಕೂತು ಕೇಳಿ. ಖರ್ಚಿಲ್ಲದ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ತರೋದು ಇನ್ನೊಂದಿಲ್ಲ.

ಬೇಸ್ ಉಬ್ಬಿದರೆ ಮಾತಿಗೇನು ಅನ್ಬಹುದು. ನಮ್ಮ ಮಾತಿನ ಗಟ್ಟಿತನ ಸ್ವರಗಳಲ್ಲಿದ್ದರೆ, ಸ್ಪಷ್ಟತೆ ವ್ಯಂಜನಗಳಲ್ಲಿದೆ. 'ತ'ಗೂ 'ಟ'ಗೂ, 'ಸ'ಗೂ 'ಶ'ಗೂ, 'ಕರ'ಕ್ಕೂ 'ಖರ'ಕ್ಕೂ ಇರುವ ವ್ಯತ್ಯಾಸ ಕ್ಷಣಮಾತ್ರದ, ಮೆಲ್ಲನೆಯ ಸದ್ದುಗಳಲ್ಲಿ ಅಡಗಿದೆ. ಅವುಗಳ ಬಹುಪಾಲು 1 ಕಿಲೋಹರ್ಟ್ಜ್‌ಗಿಂತ ಮೇಲೆ. ಕೆಳಗಿನ ಜೋರು ಸದ್ದು ಮೇಲಿನ ಮೆಲುಸದ್ದನ್ನು ಕಿವಿಯೊಳಗೇ ಮುಚ್ಚಿಹಾಕುತ್ತೆ. ಭಾಷೆ ಚೆನ್ನಾಗಿ ಬಲ್ಲವರು ಕೇಳಿಸದ ಅಕ್ಷರವನ್ನು ಸಂದರ್ಭದಿಂದ ತುಂಬಿಕೊಳ್ತಾರೆ. ಕನ್ನಡ ಇನ್ನೂ ಕಲೀತಿರುವ ಮಗು ತುಂಬಿಕೊಳ್ಳಲಾರದು. ವಯಸ್ಸಾದವರ ಕಿವಿಗೆ ಮೊದಲು ಕಡಿಮೆಯಾಗುವುದೂ ಈ ಎತ್ತರದ ಆವರ್ತನಗಳೇ. ಹಾಗಾಗಿ ಸಬ್‌ವೂಫರ್ ಒಂದು ಗೆರೆ ಇಳಿಸೋದು ಇವರಿಬ್ಬರಿಗೂ ಮಾಡುವ ಉಪಕಾರ.

ಸಬ್‌ವೂಫರಿಗೆ ಜಾಗ ಹುಡುಕಲು ಒಂದು ಮೋಜಿನ ವಿಧಾನ ಇದೆ. ಅದನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಇರುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಹೋಗುತ್ತಾ ಕೇಳಿ. ಎಲ್ಲಿ ಬೇಸ್ ಬಿಗಿಯಾಗಿ, ಎಲ್ಲಾ ಸ್ವರವೂ ಸಮನಾಗಿ ಕೇಳುತ್ತೋ ಅಲ್ಲಿ ಸಬ್‌ವೂಫರ್ ಇಡಿ. ಮೂಲೆಯಲ್ಲಿಟ್ಟರೆ ಜೋರು ಬರುತ್ತೆ, ಆದರೆ ಬಿಗಿ ಬರಲ್ಲ.

ಮಧ್ಯ ಮತ್ತು ಎತ್ತರದ ಆವರ್ತನಗಳಿಗೆ ಬರಿಗೋಡೆ, ಬರಿನೆಲ, ಗಾಜಿನ ಟೀಪಾಯಿ ಶತ್ರು. ಚಪ್ಪಾಳೆ ತಟ್ಟಿದಾಗ 'ಟ್ರ್‌ರ್' ಅನ್ನೋ ಮಾರುದನಿ ಬಂದರೆ ನೆಲಕ್ಕೆ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಗೋಡೆಗೆ ಪುಸ್ತಕದ ಶೆಲ್ಫ್ ಇಡಿ. ಗೋಡೆಗೆ ಅಂಟಿಸುವ ತೆಳು ಫೋಮ್ ಬೇಸ್‌ಗೆ ಏನೂ ಮಾಡಲ್ಲ. 40 ಹರ್ಟ್ಜ್ ಅಲೆಯ ಉದ್ದ ಎಂಟೂವರೆ ಮೀಟರ್, ಅದರ ಮುಂದೆ ಒಂದಿಂಚಿನ ಫೋಮ್ ಯಾವ ಲೆಕ್ಕ?

8. ತುಟಿ ಒಂದು ಕಡೆ, ಮಾತು ಒಂದು ಕಡೆ

ಕೆರೆಯ ಆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತೆ, 'ಟಪ್' ಅನ್ನೋದು ಆಮೇಲೆ. ನೂರು ಮೀಟರ್ ದೂರಕ್ಕೆ 0.3 ಸೆಕೆಂಡ್ ತಡ. ನೋಟ ಮೊದಲು, ಸದ್ದು ಆಮೇಲೆ ಅನ್ನೋದು ನಮಗೆ ರೂಢಿ. ಹಾಗಾಗಿ ಸದ್ದು ತಡವಾದರೆ ಸಹಿಸ್ತೀವಿ, ಮೊದಲೇ ಬಂದರೆ ಬೇಗ ಕಿರಿಕಿರಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ ಸದ್ದು ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ನೋಡುವವರಿಗೆ ಗೊತ್ತಾಗುತ್ತೆ.

ಸದ್ದು ಮುಂದಿದ್ದರೆ ರಿಸೀವರಿನ 'ಆಡಿಯೋ ಡಿಲೇ' ಸ್ವಲ್ಪ ಸ್ವಲ್ಪವೇ ಏರಿಸಿ. ಸದ್ದು ಹಿಂದಿದ್ದರೆ ಡಿಲೇ ಸೊನ್ನೆ ಮಾಡಿ, ನಡುವೆ ಬ್ಲೂಟೂತ್ ಇದ್ದರೆ ತೆಗೆದು ವೈರ್ ಹಾಕಿ.

9. ದೇಶ ಬದಲಿಸುವ ಸೆಟ್‌ಗಳು

ಓದು ಮುಗಿಸಿ ಊರಿಗೆ ಹೊರಡುವಾಗ ರಿಸೀವರ್ ಜೊತೆಗೇ ಒಯ್ಯುವ ಆಸೆ ಇದ್ದರೆ, ಮೊದಲು ಅದರ ಬೆನ್ನಿನ ಫಲಕ ಓದಿ. '100–240 ವೋಲ್ಟ್' ಅಂತಿದ್ದರೆ ಪ್ಲಗ್ ಅಡಾಪ್ಟರ್ ಸಾಕು. ಬರೀ '120 ವೋಲ್ಟ್' ಅಂತಿದ್ದರೆ ಬೆಂಗಳೂರಿನ 230 ವೋಲ್ಟ್‌ಗೆ ನೇರ ಹಾಕಿದ ಕ್ಷಣವೇ ಸುಟ್ಟುಹೋಗಬಹುದು. ತಕ್ಕ ಸಾಮರ್ಥ್ಯದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಒಳಗೆ ಆಂಪ್ಲಿಫೈಯರ್ ಇಲ್ಲದ ಸಾದಾ ಸ್ಪೀಕರ್‌ಗಳಿಗೆ ಈ ಚಿಂತೆ ಇಲ್ಲ. ಆದರೆ ಕರೆಂಟ್ ಪ್ಲಗ್ ಇರುವ ಸಬ್‌ವೂಫರಿಗೆ ಇದೆ.

10. ಹದಿನೈದು ನಿಮಿಷದ ಪಟ್ಟಿ

ಮುಂದಿನ ಸಿನಿಮಾ ಸಂಜೆಗೆ ಮೊದಲು ಯಾರಾದರೂ ಇಬ್ಬರು ಈ ಕ್ರಮದಲ್ಲಿ ಒಂದು ಸುತ್ತು ಬನ್ನಿ:

1. ಟೆಸ್ಟ್ ಟೋನ್: ಎಲ್ಲಾ ಸ್ಪೀಕರ್ ಮಾತಾಡ್ತಿವೆಯಾ, ಒಂದೇ ಮಟ್ಟದಲ್ಲಿದ್ದಾವಾ?
2. ಟಿವಿ ಔಟ್‌ಪುಟ್: ಬಿಟ್‌ಸ್ಟ್ರೀಮ್ ಇದೆಯಾ? ಆಪ್‌ನಲ್ಲಿ 5.1 ಕನ್ನಡ ಟ್ರ್ಯಾಕ್ ಆರಿಸಿದ್ದೀರಾ?
3. ಕೆಂಪು-ಕಪ್ಪು: ಎಲ್ಲಾ ಸ್ಪೀಕರಿಗೂ ಸರಿ ಇದೆಯಾ? ವೈರಿನ ಎಳೆ ಹೊರಗೆ ಚಾಚಿಲ್ಲ ತಾನೆ?
4. ಸೆಂಟರ್: ಗೂಡಿನ ಅಂಚಿನಲ್ಲಿ, ಕಿವಿಯ ಕಡೆ ಮುಖ, 2–3 ಡೆಸಿಬೆಲ್ ಹೆಚ್ಚು.
5. ಸಬ್‌ವೂಫರ್: ಮೂಲೆ ಬಿಟ್ಟು, ಕ್ರಾಸ್‌ಓವರ್ 80ರ ಆಸುಪಾಸು.
6. ಸೋಫಾ: ಗೋಡೆಯಿಂದ ಎರಡಡಿ ಮುಂದೆ.
7. ಕೊನೆಯ ಪರೀಕ್ಷೆ: ಗದ್ದಲದ ಹಿನ್ನೆಲೆಯಲ್ಲಿ ಇಬ್ಬರು ಮಾತಾಡುವ ಒಂದು ದೃಶ್ಯವನ್ನು ಸಬ್‌ಟೈಟಲ್ ಇಲ್ಲದೆ ಹಾಕಿ. ಕೇಳಿದ್ದನ್ನು ಒಬ್ಬರು ಹಾಗೇ ತಿರುಗಿ ಹೇಳಲಿ.

ಏಳನೆಯದರಲ್ಲಿ ಪಾಸಾದರೆ ಸೆಟ್ ಸರಿ ಇದೆ, ಅದರ ಬೆಲೆ ಎಷ್ಟೇ ಇರಲಿ. ಆಗದಿದ್ದರೆ ಯಾವ ಕೊಂಡಿಯಲ್ಲಿ ತೊಂದರೆ ಅನ್ನೋದಾದರೂ ಅಷ್ಟರಲ್ಲಿ ಗೊತ್ತಾಗಿರುತ್ತೆ. ಕೊಳ್ಳಲೇಬೇಕಾದರೆ ಆ ಒಂದನ್ನೇ ಕೊಂಡರೆ ಸಾಕು, ಉಳಿದ ಏಳನ್ನು ಎಸೆಯೋದು ಬೇಡ.

ಒಂದು ಕೋರಿಕೆ. ಸಂಘದ ಕಾರ್ಯಕ್ರಮಗಳಲ್ಲಿ ಸೌಂಡ್ ನೋಡಿಕೊಳ್ಳುವವರು, ಹಾಲ್‌ನ ಕೊನೇ ಸಾಲಿನಲ್ಲಿ ಕೂತ ಒಬ್ಬ ಅಜ್ಜಿಯನ್ನೋ ಒಂದು ಮಗುವನ್ನೋ 'ಮಾತು ಕೇಳಿಸ್ತಾ?' ಅಂತ ಕೇಳಿ ಆಮೇಲೆ ಶುರುಮಾಡಿ. ನಮ್ಮ ಯಾವ ಮೀಟರಿಗಿಂತಲೂ ಅವರ ಉತ್ತರ ಹೆಚ್ಚು ನಿಖರ.